ಅಕ್ಕಿಯ ಮೇಲೆ ಬರೆದಾಯ್ತು, ಮುಂದೆ?

ವಿಜಯದಶಮಿಯಂದು ಮಗುವಿನ ಬೆರಳು ಹಿಡಿದು ಮುದ್ದಿನಿಂದ ಬರೆಸಿದ ಕೈ, ದಸರಾ ರಜೆ ಮುಗಿಯುವಷ್ಟರಲ್ಲಿ ‘ಹತ್ತು ಸಲ ಬರಿ’ ಎಂದು ಬೆರಳು ತೋರಿಸತೊಡಗುತ್ತದೆ. ಮನೆಯಲ್ಲಿ ಕನ್ನಡ ಗಟ್ಟಿಯಾಗಲು ಕಾಪಿ ಪುಸ್ತಕ ಬೇಕಿಲ್ಲ, ಟ್ಯೂಷನ್ ಬೇಕಿಲ್ಲ. ಪುರುಸೊತ್ತಿರುವ ಒಂದು ಜೊತೆ ಕಿವಿ ಬೇಕು. ಆ ಕಿವಿಯ ಒಡತಿಗೆ ಓದು ಬಾರದಿದ್ದರೂ ನಡೆಯುತ್ತದೆ!

ಕೊಲ್ಲೂರು. ವಿಜಯದಶಮಿಯ ಬೆಳಗು. ಮೂಕಾಂಬಿಕೆಯ ಗುಡಿಯ ಸರಸ್ವತಿ ಮಂಟಪದ ಸುತ್ತ ಕಾಲಿಡಲು ಜಾಗವಿಲ್ಲ. ಕೇರಳದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರೇ ಹೆಚ್ಚು. ಅಪ್ಪನ ತೊಡೆಯ ಮೇಲೆ ಮೂರು ವರ್ಷದ ಪೋರ, ಎದುರಿಗೆ ಹರಿವಾಣದ ತುಂಬ ಅಕ್ಕಿ. ಅರ್ಚಕರು ಪುಟ್ಟ ತೋರುಬೆರಳು ಹಿಡಿದು ಅಕ್ಕಿಯ ಮೇಲೆ ಗೆರೆ ಎಳೆಸುತ್ತಾರೆ. ಪೋರ ಮಂಟಪ ಹಾರಿಹೋಗುವಂತೆ ಕಿರುಚುತ್ತಾನೆ. ಪಕ್ಕದ ಹುಡುಗಿಗೆ ಮಾತ್ರ ಇದೆಲ್ಲ ಆಟ. ಬರೆಸಿದ್ದನ್ನು ಅಂಗೈಯಿಂದ ಸವರಿ ಅಳಿಸಿ, ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಂಡು ನಗುತ್ತಾಳೆ.

ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲೂ ಇದೇ ಸಂಭ್ರಮ. ಅಷ್ಟು ದೂರ ಹೋಗಲಾಗದವರ ಮನೆಯಲ್ಲಿ ಹೊಸ ಸ್ಲೇಟು, ಬಳಪ, ಅರಿಸಿನ-ಕುಂಕುಮ. ಅಕ್ಷರಾಭ್ಯಾಸವೆಂದರೆ ಇಡೀ ಮನೆಗೆ ಹಬ್ಬ.

ಹಬ್ಬ ಮುಗಿದ ಮೇಲಿನ ಕಥೆಯೇ ಬೇರೆ. ಆ ಪೋರನಿಗೆ ಎರಡನೇ ಕ್ಲಾಸಿನ ಅಕ್ಕ ಇದ್ದಾಳೆನ್ನಿ. ಅವಳ ಬ್ಯಾಗಿನಲ್ಲಿ ರಜೆಯ ಹೋಂವರ್ಕ್ ಕೂತಿದೆ: ದಿನಕ್ಕೊಂದು ಪುಟ ಶುದ್ಧಬರಹ, ಕಾಗುಣಿತ, ಪಾಠದ ಕೊನೆಯ ಪ್ರಶ್ನೋತ್ತರ. ರಜೆಯ ಕೊನೆಯ ಎರಡು ದಿನ ಅಡುಗೆಮನೆಯಿಂದ ಒಂದೇ ದನಿ: “ಇನ್ನೂ ಎಂಟು ಪುಟ ಉಂಟಲ್ಲ ಮಾರಾಯ್ತಿ, ಬೇಗ ಬರಿ!”

ಮೇಲಿನಿಂದ ಕೆಳಕ್ಕೆ ‘ನ’

ಆ ಅಕ್ಕ ಹೇಗೆ ಬರೆಯುತ್ತಾಳೆಂದು ಪಕ್ಕದಲ್ಲಿ ಕೂತು ನೋಡಿ. ‘ನಮ್ಮ ಊರು ಚಂದ’ ಎಂಬುದನ್ನು ಹತ್ತು ಸಲ ಬರೆಯಬೇಕು. ಮೊದಲು ಪುಟದ ಎಡ ಅಂಚಿನಲ್ಲಿ ಹತ್ತು ‘ನ’ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಆಮೇಲೆ ಅವುಗಳ ಪಕ್ಕ ಹತ್ತು ‘ಮ್ಮ’. ಹೀಗೆ ಗೋಡೆ ಕಟ್ಟಿದ ಹಾಗೆ ಪುಟ ತುಂಬುತ್ತದೆ. ವಾಕ್ಯವನ್ನು ಅವಳು ಒಮ್ಮೆಯೂ ಓದಿಲ್ಲ. ಎರಡನೇ ಸಾಲಿನಲ್ಲಿ ಒಂದು ಒತ್ತು ಬಿಟ್ಟುಹೋಯಿತೋ, ಮುಗಿಯಿತು. ಮೇಲಿನ ಸಾಲನ್ನೇ ನೋಡಿ ನಕಲು ಮಾಡುವುದರಿಂದ ಉಳಿದ ಎಂಟು ಸಾಲಿನಲ್ಲೂ ಅದೇ ತಪ್ಪು ಅಚ್ಚೊತ್ತಿದಂತೆ ಕೂರುತ್ತದೆ.

ಕಾಪಿ ಬರೆಯುವುದರಿಂದ ಅಕ್ಷರ ದುಂಡಗಾಗುತ್ತದೆ, ಬೆರಳು ಪಳಗುತ್ತದೆ. ಅಷ್ಟು ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರಿಂದ ಓದು ಬರುತ್ತದೆಂದು ನಂಬಿ ಮಗುವಿನ ಸಂಜೆಗಳನ್ನೆಲ್ಲ ಅದಕ್ಕೇ ಬರೆದುಕೊಟ್ಟಿದ್ದೇವಲ್ಲ, ಅದು ದುಬಾರಿ ನಂಬಿಕೆ.

ಸರಕಾರದ ಕಾಗದಗಳೂ ಹೋಂವರ್ಕಿಗೆ ಲಗಾಮು ಹಾಕಿವೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಂವರ್ಕ್ ಕೂಡದು. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಅದಕ್ಕೂ ಮೊದಲು, 2018ರಲ್ಲಿ, ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಬಾರದೆಂದು ಮದ್ರಾಸ್ ಹೈಕೋರ್ಟ್ ಹೇಳಿತ್ತು. ನೀತಿ, ತೀರ್ಪು ಎರಡೂ ಇವೆ. ಕಾಪಿ ಪುಸ್ತಕವೂ ಇದೆ. ‘ನಮ್ಮ ಶಾಲೆಯಲ್ಲಿ ಏನೂ ಬರೆಸುವುದಿಲ್ಲ’ ಎಂದು ದೂರುವ ಪಾಲಕರೂ ಇದ್ದಾರೆ.

ನಲವತ್ತೊಂಬತ್ತಕ್ಕೆ ನಿಲ್ಲುವುದಿಲ್ಲ

ಪಾಲಕರ ಅವಸರಕ್ಕೆ ಒಂದು ಕಾರಣ, ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಲೆಕ್ಕಾಚಾರ. ಯುಕೆಜಿ ಮುಗಿಯುವ ಹೊತ್ತಿಗೆ ಎಬಿಸಿಡಿ ಪೂರ್ತಿ ಬರುತ್ತದೆ. ಕನ್ನಡ ಯಾಕೆ ಎರಡನೇ ಕ್ಲಾಸಿಗೂ ಬಂದಿಲ್ಲ?

ವರ್ಣಮಾಲೆಯಲ್ಲಿರುವುದು 49 ಅಕ್ಷರ. ಆದರೆ ಮಗು ಪುಟದ ಮೇಲೆ ಕಾಣುವುದು ಅಷ್ಟನ್ನೇ ಅಲ್ಲ. 34 ವ್ಯಂಜನಗಳಿಗೆ ‘ಕ’ದಿಂದ ‘ಕಃ’ವರೆಗಿನ 15 ರೂಪ ಹಚ್ಚಿದರೆ 510 ಆಕಾರಗಳಾಗುತ್ತವೆ. ಅದರ ಮೇಲೆ ಒತ್ತಕ್ಷರ. ‘ತ’ದ ಒತ್ತು ‘ತ’ದ ಹಾಗಿಲ್ಲ, ‘ಮ’ದ ಒತ್ತು ‘ಮ’ದ ಹಾಗಿಲ್ಲ. ಘ-ಫ, ಬ-ಭ, ದ-ಧ ಜೋಡಿಗಳು ಒಂದು ಗೀಟು, ಒಂದು ಸೀಳಿನ ವ್ಯತ್ಯಾಸದಲ್ಲಿ ಅವಳಿಗಳಂತೆ ನಿಂತಿವೆ.

ಕನ್ನಡ ಮಕ್ಕಳ ಓದಿನ ಕುರಿತು ಸೋನಾಲಿ ನಾಗ್ ಅವರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ, ಇಂಗ್ಲಿಷಿಗಿಂತ ಇದಕ್ಕೆ ಬಹಳ ಹೆಚ್ಚು ಕಾಲ ಬೇಕು ಎಂಬುದು ಅದರ ಸಾರ. ಎರಡನೇ ಕ್ಲಾಸಿನ ಮಗಳು ಒತ್ತಕ್ಷರದಲ್ಲಿ ಎಡವಿದರೆ ಅವಳು ದಡ್ಡಿಯಲ್ಲ. ದಾರಿಯೇ ಉದ್ದ, ಅವಳಿನ್ನೂ ನಡುವೆ ಇದ್ದಾಳೆ.

ಹಾಗೆಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಹಳ್ಳಿಯ ಮನೆಬಾಗಿಲಿಗೆ ಹೋಗಿ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯಲ್ಲಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅಕ್ಷರ, ಪದ, ಸಣ್ಣ ಪ್ಯಾರಾ, ಕೊನೆಗೆ ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. 2024ರಲ್ಲಿ ದೇಶದ ಗ್ರಾಮೀಣ ಸರಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಆ ಕಥೆಯನ್ನು ಓದಿದವರು ಶೇ 23.4. ಕೊರೊನಾದ ಬೆನ್ನಿಗೆ, 2022ರಲ್ಲಿ, ಇದು ಶೇ 16.3ಕ್ಕೆ ಇಳಿದಿತ್ತು. ಏರಿದ್ದು ಸಂತೋಷವೇ. ಆದರೂ ನಾಲ್ವರಲ್ಲಿ ಮೂವರಿಗೆ ಕಥೆ ಇನ್ನೂ ದೂರವೇ ಉಳಿದಿದೆ.

> ‘ರಗಸದಅ’ ಎಂದರೆ ಗಾಬರಿಯಾಗಬೇಡಿ
>
> ಸರಕಾರಿ ಶಾಲೆಗೆ ಸೇರಿದ ಮಗ ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ ಎನ್ನತೊಡಗಿದಾಗ ಗಾಬರಿಬಿದ್ದ ಅಜ್ಜಂದಿರು ಎಷ್ಟೋ. ಅದು ‘ನಲಿ-ಕಲಿ’ಯ ಕ್ರಮ. ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು, ಮುಂದೆ ರಾಜ್ಯವಿಡೀ ಹರಡಿತು.
>
> ಲಾಭವೇನು? ಐದೇ ಅಕ್ಷರ ಬಂದ ದಿನವೇ ಮಗು ಪದ ಓದಬಹುದು: ಸರ, ರಸ, ದರ, ಅರಸ, ಅಗಸ, ಗರಗಸ. ಕಾಗುಣಿತವಿಲ್ಲ, ಒತ್ತಿಲ್ಲ.
>
> ಮನೆಯಲ್ಲಿ ಹಳೆಯ ಮದುವೆ ಕರೆಯೋಲೆ ಕತ್ತರಿಸಿ ಅಕ್ಷರದ ಚೀಟಿ ಮಾಡಿ. ಇವತ್ತು ಐದು ಚೀಟಿ, ವಾರ ಬಿಟ್ಟು ಇನ್ನೈದು. ಎಷ್ಟು ಪದ ಕಟ್ಟಬಹುದೆಂದು ಅಪ್ಪ-ಮಗ ಪಂದ್ಯ ಹೂಡಿ. ಅಪ್ಪನೇ ಆಗಾಗ ಸೋಲುವುದು ಒಳ್ಳೆಯದು.

ಓದು ಬಾರದ ಅಮ್ಮ

ಶಿಕ್ಷಕರಿಗಿಲ್ಲದ ಒಂದು ಅನುಕೂಲ ಮನೆಗಿದೆ. ಮೂವತ್ತು ಮಕ್ಕಳ ತರಗತಿಯಲ್ಲಿ, ಅದರಲ್ಲೂ ಒಂದು, ಎರಡು, ಮೂರನೇ ತರಗತಿಗಳನ್ನು ಒಟ್ಟಿಗೇ ಕೂರಿಸಿಕೊಂಡ ನಲಿ-ಕಲಿ ಕೋಣೆಯಲ್ಲಿ, ಒಂದು ಮಗು ಓದುವುದನ್ನು ಟೀಚರ್ ದಿನಕ್ಕೆ ಎಷ್ಟು ಹೊತ್ತು ಕೇಳಿಯಾರು? ಮನೆಯಲ್ಲಿ ಕೇಳಿಸಿಕೊಳ್ಳುವವರಿಗೆ ಒಂದೇ ಮಗು, ಹೆಚ್ಚೆಂದರೆ ಎರಡು.

ಇದರ ಶಕ್ತಿ ಎಂಥದ್ದೆಂದು ತೋರಿಸಿದ್ದು ಲಂಡನ್ನಿನ ಹ್ಯಾರಿಂಗೆ ಎಂಬ ಬಡಾವಣೆ. ಕೂಲಿನಾಲಿ ಮಾಡುವವರು, ಬೇರೆ ಬೇರೆ ದೇಶಗಳಿಂದ ವಲಸೆ ಬಂದವರು ತುಂಬಿದ್ದ ಜಾಗ. 1970ರ ದಶಕದ ಕೊನೆಯಲ್ಲಿ ಜ್ಯಾಕ್ ಟಿಜಾರ್ಡ್ ಮತ್ತು ಸಂಗಡಿಗರು ಅಲ್ಲಿನ ಶಾಲೆಗಳಲ್ಲಿ ಎರಡು ವರ್ಷ ಒಂದು ಪ್ರಯೋಗ ಮಾಡಿದರು. ಕೆಲವು ತರಗತಿಗಳ ಮಕ್ಕಳು ಶಾಲೆಯ ಪುಸ್ತಕ ಮನೆಗೆ ಒಯ್ದು ಅಪ್ಪ-ಅಮ್ಮನ ಮುಂದೆ ಗಟ್ಟಿಯಾಗಿ ಓದಬೇಕು. ಇನ್ನು ಕೆಲವು ಮಕ್ಕಳಿಗೆ ಶಾಲೆಯಲ್ಲೇ ಪರಿಣತ ಶಿಕ್ಷಕಿಯ ಹೆಚ್ಚುವರಿ ಪಾಠ.

1982ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರ ಹುಬ್ಬೇರಿಸಿತು. ಮನೆಯಲ್ಲಿ ಓದಿ ಹೇಳಿದ ಮಕ್ಕಳು ಎದ್ದು ಕಾಣುವಷ್ಟು ಮುಂದೆ ಹೋಗಿದ್ದರು. ಹೆಚ್ಚುವರಿ ಪಾಠದಿಂದ ಅಂಥ ಗಳಿಕೆಯಾಗಿರಲಿಲ್ಲ. ಅದಕ್ಕಿಂತ ದೊಡ್ಡ ಮಾತು, ಮನೆಯಲ್ಲಿ ಕೇಳಿಸಿಕೊಂಡ ಅನೇಕ ತಾಯಂದಿರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕೆಲವರಿಗೆ ಯಾವ ಭಾಷೆಯ ಓದೂ ಗೊತ್ತಿರಲಿಲ್ಲ.

ಟ್ಯೂಷನ್ ಫೀಸು ಹೊಂದಿಸಲು ಒದ್ದಾಡುವ ನಮ್ಮ ಅಮ್ಮಂದಿರಿಗೆ ಈ ಸುದ್ದಿ ತಲುಪಬೇಕು. ‘ನಂಗೇ ಓದೋಕೆ ಬರಲ್ಲ, ಮಗೀಗೆ ಏನು ಹೇಳ್ಕೊಡ್ಲಿ’ ಎನ್ನುವ ತಾಯಿ, ಬೀಡಿ ಕಟ್ಟುತ್ತಲೋ ಹೂ ಪೋಣಿಸುತ್ತಲೋ, “ಎಲ್ಲಿ, ಇವತ್ತಿನ ಕಥೆ ಓದಿ ಹೇಳವ್ವಾ” ಎಂದರೆ ಸಾಕು. ಮಗು ನಿಲ್ಲಿಸಿದಾಗ “ಆಮೇಲೇನಾಯ್ತು?” ಎಂದು ಕೇಳಿದರೆ ಇನ್ನೂ ಒಳ್ಳೆಯದು. ಕಥೆ ಅರ್ಥವಾಗದೆ ಬರೀ ಅಕ್ಷರ ಒದರಿದ್ದರೆ ಆ ಪ್ರಶ್ನೆಗೆ ಉತ್ತರ ಹೊರಡುವುದಿಲ್ಲ. ಈ ಪರೀಕ್ಷೆ ಮಾಡಲು ಅಮ್ಮನಿಗೆ ಅಕ್ಷರ ಗೊತ್ತಿರಬೇಕಾಗಿಲ್ಲ.

ಓದು ಬಲ್ಲ ಪಾಲಕರಿಗೇ ಕಷ್ಟ ಹೆಚ್ಚು. ಅವರಿಗೆ ಸುಮ್ಮನಿರಲು ಬರುವುದಿಲ್ಲ!

ಮಗು ‘ಸೂ...’ ಎಂದು ತಡವರಿಸಿದ ಕೂಡಲೇ “ಸೂರ್ಯ!” ಎಂದು ಗುಡುಗುತ್ತಾರೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಟೆಡ್ ಗ್ಲಿನ್ ಮತ್ತು ಸ್ಟುವರ್ಟ್ ಮೆಕ್‌ನಾಟನ್ ಪಾಲಕರಿಗೆಂದೇ ರೂಪಿಸಿದ ಪದ್ಧತಿಯ ಮೊದಲ ಪಾಠವೇ ತಡೆ. ಮಗು ಸಿಕ್ಕಿಕೊಂಡರೆ ಐದು ಸೆಕೆಂಡು ಬಾಯಿ ಮುಚ್ಚಿಕೊಂಡಿರಿ. ಬಹಳ ಸಲ ಅಷ್ಟರಲ್ಲಿ ಮಗುವೇ ದಾರಿ ಹುಡುಕಿಕೊಳ್ಳುತ್ತದೆ. ಇಲ್ಲದಿದ್ದರೆ ಸುಳಿವು ಕೊಡಿ: “ಬೆಳಿಗ್ಗೆ ಮೂಡೋದು ಯಾರು?” ಆಗಲೂ ಬಾರದಿದ್ದರೆ ಪದ ಹೇಳಿಬಿಡಿ, ಕಥೆ ಮುಂದಕ್ಕೆ ಹೋಗಲಿ. ಐದು ಸೆಕೆಂಡು ಎಷ್ಟು ಉದ್ದವೆಂದು ಅಪ್ಪಂದಿರಿಗೆ ಮೊದಲ ಬಾರಿಗೆ ಗೊತ್ತಾಗುವುದು ಇಲ್ಲಿಯೇ.

ಅಕ್ಕಿ ತಿಂದ ಹಕ್ಕಿ

‘ಸೂರ್ಯ’ವನ್ನು ಮಗು ‘ಸೂಯ್ರ’ ಎಂದು ಓದುತ್ತದೆ. ಅದರ ತಪ್ಪಲ್ಲ. ಅರ್ಕಾವೊತ್ತಿನಲ್ಲಿ ‘ರ್’ ಕಿವಿಗೆ ಮೊದಲು ಕೇಳುತ್ತದೆ, ಕಣ್ಣಿಗೆ ಆಮೇಲೆ ಕಾಣುತ್ತದೆ. ಎಡದಿಂದ ಬಲಕ್ಕೆ ಓದಬೇಕೆಂದು ನಾವೇ ಕಲಿಸಿದ್ದೇವೆ, ಮಗು ಅದನ್ನು ಪಾಲಿಸಿದೆ. ಸೂರ್ಯ, ಕಾರ್ಯ, ಮಾರ್ಗ, ವರ್ಷ ಎಂದು ನಾಲ್ಕಾರು ಪದ ಒಟ್ಟಿಗೆ ಬರೆದು ತೋರಿಸಿ, ‘ಈ ಬಾಲ ಹಿಂದೆ ನಿಂತರೂ ಮುಂದೆ ಕೂಗುತ್ತೆ’ ಎಂದರೆ ಮಕ್ಕಳಿಗೆ ಥಟ್ಟನೆ ಹಿಡಿಸುತ್ತದೆ.

ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಸುತ್ತುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಮಂಡ್ಯದ ಹುಡುಗ ‘ಅಣ್ಣು ತಿಂದೆ’ ಎಂದು ಬರೆಯುತ್ತಾನೆ. ಅವನ ಮನೆಯಲ್ಲಿ ಹಣ್ಣಿಗೆ ಹೇಳುವುದೇ ಹಾಗೆ. ಧಾರವಾಡದ ಹುಡುಗಿ ‘ಸಾಲಿ’ ಎಂದು ಬರೆದರೆ ಅವಳು ದಿನಾ ಹೋಗುವುದು ಅಲ್ಲಿಗೇ. ಕಿವಿಗೆ ಬಿದ್ದದ್ದನ್ನು ಚಾಚೂ ತಪ್ಪದೆ ಅಕ್ಷರಕ್ಕಿಳಿಸುವ ಜಾಣ್ಮೆ ಇಬ್ಬರಿಗೂ ಇದೆ. ಪುಸ್ತಕದ ಕನ್ನಡವೆಂಬ ಇನ್ನೊಂದು ಕನ್ನಡದ ಪರಿಚಯವಷ್ಟೇ ಬಾಕಿ.

ಆ ಪರಿಚಯ ಬೈಗುಳದಿಂದ ಆಗುವುದಿಲ್ಲ. ‘ಹಕ್ಕಿ ಅಕ್ಕಿ ತಿಂದಿತು’ ಎಂದು ಬರೆದು, ಪಕ್ಕದಲ್ಲಿ ಎರಡೂ ಚಿತ್ರ ಬಿಡಿಸಲಿ. ‘ಹ’ ತಪ್ಪಿದರೆ ಹಕ್ಕಿ ಅನ್ನವಾಗಿಬಿಡುತ್ತದೆ ಎಂದು ನಗಲಿ. ಮಹಾಪ್ರಾಣಕ್ಕೆ ಅಂಗೈ ಸಾಕು. ಬಾಯಿಯ ಮುಂದೆ ಹಿಡಿದು ‘ಬ’ ಎನ್ನಿ, ‘ಭ’ ಎನ್ನಿ. ಎರಡನೆಯದಕ್ಕೆ ಬಿಸಿ ಗಾಳಿ ಅಂಗೈಗೆ ತಾಗುತ್ತದೆ. ಒಂದು ವಾರಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ಈ ವಾರ ‘ಹ’ ಆದರೆ ‘ಳ’ಕಾರಕ್ಕೆ ರಜೆ. ಒಂದೇ ಪುಟದಲ್ಲಿ ಹದಿನೇಳು ಕೆಂಪು ಸುತ್ತು ಕಂಡ ಮಗು ಮುಂದಿನ ಸಲ ಗೊತ್ತಿರುವ ಪದಗಳನ್ನಷ್ಟೇ ಬರೆಯುತ್ತದೆ. ತಪ್ಪು ಕಡಿಮೆಯಾಗುತ್ತದೆ, ಭಾಷೆಯೂ ಕಡಿಮೆಯಾಗುತ್ತದೆ.

ಇನ್ನೊಂದು ‘ತಪ್ಪು’ ಇದೆ, ಅದಕ್ಕೆ ಬೆನ್ನು ತಟ್ಟಬೇಕು. ಪುಸ್ತಕದಲ್ಲಿ ‘ಹೋಗುತ್ತಾನೆ’ ಎಂದಿದ್ದನ್ನು ಮಗು ‘ಹೋಗ್ತಾನೆ’ ಎಂದು ಓದಿತೆನ್ನಿ. ಅದು ಅಕ್ಷರ ಕೂಡಿಸುವುದನ್ನು ದಾಟಿ ಅರ್ಥವನ್ನು ಹಿಡಿದಿದೆ, ಹಿಡಿದದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಿದೆ. ಆ ಕ್ಷಣದಲ್ಲಿ ತಡೆದು ‘ಸರಿಯಾಗಿ ಓದು’ ಎನ್ನುವುದು ನನ್ನ ಮಟ್ಟಿಗೆ ಅನ್ಯಾಯ.

> ನಿಮಿಷಕ್ಕೆ ಎಷ್ಟು ಪದ?
>
> 2021ರ ಜುಲೈ 5ರಂದು ಶುರುವಾದ ‘ನಿಪುಣ್ ಭಾರತ್’ ಯೋಜನೆ 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದುವಂತಾಗಬೇಕೆಂಬ ಗುರಿ ಇಟ್ಟುಕೊಂಡಿದೆ. ಎರಡನೇ ತರಗತಿಯ ಕೊನೆಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದರ ಕೊನೆಗೆ ಕನಿಷ್ಠ 60.
>
> ಇದು ಶಾಲೆಗಳಿಗೆ ಹಾಕಿಕೊಟ್ಟ ಅಳತೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ ಊಟದ ಹೊತ್ತಿಗೆ ಮಗುವನ್ನು ಓಡಿಸುವುದಕ್ಕಲ್ಲ. ಕನ್ನಡದ ಒಂದೊಂದು ಪದ ಎಷ್ಟು ಉದ್ದ ಬೆಳೆಯುತ್ತದೆಂದು ‘ಓಡಿಹೋಗುತ್ತಿದ್ದಾನಂತೆ’ ಎಂಬುದನ್ನೇ ನೋಡಿ.

ಮನೆಮಾತು ಬೇರೆಯಾದರೆ

ಪುತ್ತೂರಿನ ಮನೆಯಲ್ಲಿ ತುಳು, ಕುಮಟೆಯಲ್ಲಿ ಕೊಂಕಣಿ, ಕಲಬುರಗಿಯಲ್ಲಿ ದಖನಿ ಉರ್ದು, ವಿಜಯಪುರದ ತಾಂಡಾದಲ್ಲಿ ಲಂಬಾಣಿ, ಪಾವಗಡದಲ್ಲಿ ತೆಲುಗು. ಕರ್ನಾಟಕದ ಎಷ್ಟೋ ಮಕ್ಕಳು ಕನ್ನಡವನ್ನು ಶಾಲೆಯ ಬಾಗಿಲಲ್ಲಿ ಮೊದಲು ಭೇಟಿಯಾಗುತ್ತಾರೆ. ‘ಮನೆಯಲ್ಲೂ ಕನ್ನಡವೇ ಮಾತಾಡಿ’ ಎಂದು ಇವರಿಗೆ ಸಲಹೆ ಕೊಡುವವರಿದ್ದಾರೆ. ಅದು ಸರಿಯೆಂದು ನನಗೆ ಅನಿಸುವುದಿಲ್ಲ. ಹರಕು ಕನ್ನಡದಲ್ಲಿ ಎರಡು ಮಾತು ಆಡುವ ಅಮ್ಮನಿಗಿಂತ ತುಂಬು ತುಳುವಿನಲ್ಲಿ ಅರ್ಧ ಗಂಟೆ ಕಥೆ ಹೇಳುವ ಅಮ್ಮ ಮಗುವಿಗೆ ಹೆಚ್ಚು ಭಾಷೆ ಕೊಡುತ್ತಾಳೆ. ಕಥೆಗೊಂದು ಆದಿ, ಮಧ್ಯೆ ಒಂದು ತಿರುವು, ‘ಯಾಕೆ’ ಎಂಬುದಕ್ಕೊಂದು ಉತ್ತರ ಇರುತ್ತದೆನ್ನುವುದು ಒಂದು ಭಾಷೆಯಲ್ಲಿ ಗೊತ್ತಾದರೆ ಎಲ್ಲ ಭಾಷೆಯಲ್ಲೂ ಗೊತ್ತಾದಂತೆ. ಶಾಲೆಯ ಕನ್ನಡ ಕಥೆಯನ್ನು ಮಗು ಮನೆಮಾತಿನಲ್ಲಿ ಅಜ್ಜಿಗೆ ಹೇಳಲಿ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಥೆ ತಲೆಕೆಳಗು. ಕನ್ನಡ ಭಾಷಾ ಕಲಿಕಾ ಅಧಿನಿಯಮ, 2015 ಬಂದ ಮೇಲೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಕನ್ನಡ ಕಲಿಸಬೇಕು. ಪಟ್ನಾದಿಂದ ಬಂದ ಅಪ್ಪ ಮಗಳ ಕನ್ನಡ ಪುಸ್ತಕ ಕಂಡರೆ ಬೆವರುತ್ತಾನೆ. ಅವನು ಮಗಳ ಶಿಷ್ಯನಾಗಿಬಿಡಲಿ. ಬಸ್ಸಿನ ಬೋರ್ಡಿನಲ್ಲಿ ‘ಮೆಜೆಸ್ಟಿಕ್’ ಎಲ್ಲಿದೆ ಎಂದು ಅವಳೇ ಅಪ್ಪನಿಗೆ ತೋರಿಸಲಿ. ಕಲಿಸುವವರು ಕಲಿಯುವವರಿಗಿಂತ ಹೆಚ್ಚು ಕಲಿಯುತ್ತಾರೆಂದು ಗೊತ್ತಿರುವ ಮೇಷ್ಟ್ರುಗಳು ನಮ್ಮಲ್ಲಿ ಬಹಳ ಇದ್ದಾರೆ.

ಇಂಥ ಮನೆಗಳಿಗೆ ಟಿವಿಯೂ ನೆರವಾದೀತು. 1996ರಲ್ಲಿ ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಥಾರಿ ಸರಳವಾದ ಯೋಚನೆಯೊಂದನ್ನು ಮುಂದಿಟ್ಟರು. ಹಿಂದಿ ಹಾಡಿಗೆ ಹಿಂದಿಯಲ್ಲೇ, ಗುಜರಾತಿ ಹಾಡಿಗೆ ಗುಜರಾತಿಯಲ್ಲೇ ಪರದೆಯ ಕೆಳಗೆ ಸಾಲು ಮೂಡಿಸುವುದು. ಬಾಯಿಪಾಠವಿರುವ ಹಾಡಿನ ಅಕ್ಷರಗಳನ್ನು ಕಣ್ಣು ತಾನಾಗಿ ಹಿಂಬಾಲಿಸುತ್ತದೆ. ಮಗುವಿಗೆ ಹುಚ್ಚು ಹಿಡಿಸಿದ ಸಿನಿಮಾ ಹಾಡಿಗೆ ಕನ್ನಡ ಸಾಹಿತ್ಯ ಮೂಡುವ ವಿಡಿಯೊ ಯೂಟ್ಯೂಬಿನಲ್ಲಿ ಇದ್ದೇ ಇರುತ್ತದೆ. ಸಾಹಿತ್ಯ ಕನ್ನಡ ಲಿಪಿಯಲ್ಲಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಇಂಗ್ಲಿಷ್ ಲಿಪಿಯ ಕನ್ನಡ ಇಲ್ಲಿ ಯಾವ ಉಪಯೋಗಕ್ಕೂ ಬಾರದು.

> ಪುಸ್ತಕ ಎಲ್ಲಿ ಸಿಗುತ್ತದೆ?
>
> ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಹೆಸರು ‘ಅರಿವು ಕೇಂದ್ರ’. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ.
>
> ಫೋನಿನಲ್ಲಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’. ಕನ್ನಡ ಚಿತ್ರಪುಸ್ತಕಗಳು ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿವೆ, ಹಣ ಕೊಡಬೇಕಿಲ್ಲ.
>
> ಹಳಬರನ್ನು ಮರೆಯುವುದು ಬೇಡ. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ‘ಕಿಂದರಿಜೋಗಿ’ಯ ಕುವೆಂಪು. ಇವರನ್ನೆಲ್ಲ ಮಗು ತಾನೇ ಓದಬೇಕೆಂದಿಲ್ಲ. ನೀವು ಗಟ್ಟಿಯಾಗಿ ಓದಿ, ಅದು ಮಡಿಲಲ್ಲಿ ಕೂತು ಕೇಳಲಿ.

ದಿನಸಿ ಚೀಟಿಯೂ ಅಂಚೆ ಕಾರ್ಡೂ

ಬರವಣಿಗೆಗೆ ಒಬ್ಬ ಓದುಗ ಬೇಕು. ಕಾಪಿ ಪುಸ್ತಕಕ್ಕೆ ಅವನಿಲ್ಲ, ಟೀಚರ್ ಕೂಡ ಸಹಿ ಮಾಡಿ ಮುಂದೆ ಹೋಗುತ್ತಾರೆ. ದಿನಸಿ ಚೀಟಿಗೆ ಇದ್ದಾನೆ, ಅಂಗಡಿಯವನು. ಅಮ್ಮ ಹೇಳಲಿ, ಮಗು ಬರೆಯಲಿ. ಬಾಯಲ್ಲಿ ‘ಕಡ್ಲೆಬೇಳೆ’, ಡಬ್ಬಿಯ ಮೇಲೆ ‘ಕಡಲೆಬೇಳೆ’. ಯಾವುದು ಸರಿ ಎಂದು ಅಡುಗೆಮನೆಯಲ್ಲೇ ಒಂದು ಚರ್ಚೆ ನಡೆದುಹೋಗಲಿ. ಸಾಸಿವೆ ಬದಲು ಸಾಬೂನು ಬಂದರೆ ಬರೆದವರಿಗೆ ತಿದ್ದುಪಡಿ ತಾನಾಗಿ ಸಿಗುತ್ತದೆ.

ಉಕ್ತಲೇಖನವನ್ನು ಒಮ್ಮೆ ತಿರುಗಿಸಿ ನೋಡಿ. ಮಗು ಹೇಳಲಿ, ನೀವು ಬರೆದುಕೊಳ್ಳಿ. ‘ಇವತ್ತು ಇಂಟರ್ವೆಲ್‌ನಲ್ಲಿ ಏನಾಯ್ತು ಗೊತ್ತಾ’ ಎಂದು ಶುರುವಾದ ಪುರಾಣವನ್ನು ಅದರದೇ ಮಾತಿನಲ್ಲಿ ಐದಾರು ಸಾಲು ಬರೆದು ಕೈಗೆ ಕೊಟ್ಟರೆ, ಪುಸ್ತಕ ಕಂಡರೆ ಓಡುವ ಮಗುವೂ ಅದನ್ನು ಓದುತ್ತದೆ. ತಾನೇ ಆಡಿದ ಮಾತು ಕಾಗದದ ಮೇಲೆ ಕೂತಿದೆಯಲ್ಲ! ಒಗಟೂ ಹಾಗೆಯೇ. ಹಳೆಯ ಒಗಟುಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಹೊಸದನ್ನು ಹೊಸೆಯಲು ಬಿಡಿ. ‘ಹಬೆಯಲ್ಲಿ ಹುಟ್ಟಿದ, ಚಟ್ನಿಯಲ್ಲಿ ಮುಳುಗಿದ, ಯಾರು?’ ಎಂದು ಮಗು ಕೇಳಿದಾಗ ಇಡ್ಲಿ ಎಂದು ತಕ್ಷಣ ಹೇಳಿಬಿಡದಷ್ಟು ಸೌಜನ್ಯ ದೊಡ್ಡವರಿಗಿರಬೇಕು.

ದಸರಾ ರಜೆಗೆ ಅಜ್ಜನ ಮನೆಗೆ ಹೋಗಿಬಂದ ಮಕ್ಕಳಿಗೆ ಬೇರೆ ಹೋಂವರ್ಕ್ ಬೇಕಿಲ್ಲ. ಅಂಚೆ ಕಚೇರಿಯಲ್ಲಿ ಪೋಸ್ಟ್‌ಕಾರ್ಡ್ ಇವತ್ತಿಗೂ 50 ಪೈಸೆ. ಆದರೆ ಎರಡು ಕಾರ್ಡು ಕೊಳ್ಳಿ, ಚಿಲ್ಲರೆಯ ತಾಪತ್ರಯವಿರದು. ಪುಟ ಸಣ್ಣದು, ನಾಲ್ಕೈದು ಸಾಲಿಗೆ ಜಾಗ. ‘ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬ ಒಕ್ಕಣೆ ಹೇಳಿಕೊಡಬೇಡಿ. ಕರು ಹಾಕಿದ ಹಸುವಿನ ಹೆಸರೇನು, ತೋಟದ ಬಾವಿಯಲ್ಲಿ ಬಿದ್ದ ಚೆಂಡು ಸಿಕ್ಕಿತೇ ಎಂದು ಮಗು ತನಗೆ ಬೇಕಾದ್ದನ್ನು ಕೇಳಲಿ. ವಿಳಾಸ, ಪಿನ್‌ಕೋಡ್ ಅದೇ ಬರೆಯಲಿ, ಡಬ್ಬಿಗೆ ಅದೇ ಹಾಕಲಿ. ಹಾಕುವ ಮೊದಲು ಒಮ್ಮೆ ತಿದ್ದಿಬಿಡೋಣ ಎಂದು ನಿಮ್ಮ ಕೈ ತುರಿಸುತ್ತದೆ. ಬೇಡ. ಅರ್ಥವಾಗದ್ದೇನಾದರೂ ಇದ್ದರೆ ಅಜ್ಜನೇ ಬರೆದು ಕೇಳುತ್ತಾರೆ, ಎರಡನೇ ಕಾರ್ಡು ಆಗ ಬೇಕಾಗುತ್ತದೆ.